ಆತ್ಮವಿಲ್ಲದ ಮೇಲೆ ಇರುವುದೇನು?

ನಿತ್ಯವಾದ ಆತ್ಮವೊಂದಿಲ್ಲ ಎಂದ ಬುದ್ಧ. ಹಾಗಾದರೆ ಇರುವುದೇನು? ಬೌದ್ಧ ದಾರ್ಶನಿಕರು ಶತಮಾನಗಟ್ಟಲೆ ತಮ್ಮತಮ್ಮಲ್ಲೇ ಸೆಣಸಿದ್ದು ಈ ಪ್ರಶ್ನೆಗಾಗಿ. ವಿಜಯನಗರ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿರುವ 'ಸರ್ವದರ್ಶನಸಂಗ್ರಹ' ಅವರನ್ನು ನಾಲ್ಕು ಪಂಗಡವಾಗಿ ವಿಂಗಡಿಸುತ್ತದೆ: ವೈಭಾಷಿಕ, ಸೌತ್ರಾಂತಿಕ, ಯೋಗಾಚಾರ, ಮಾಧ್ಯಮಿಕ. ಸಿಂಹಳದ ಥೇರವಾದಕ್ಕೆ ಈ ವಿಂಗಡಣೆಯಲ್ಲಿ ಜಾಗವಿಲ್ಲ.

ಪಟ್ಟಿ ಬಾಯಿಪಾಠಕ್ಕೆ ಸರಿ. ವಾದದ ಬಿಸಿ ತಟ್ಟಬೇಕಾದರೆ ವಸುಬಂಧುವನ್ನು ಓದಬೇಕು. ಈತ ಪುರುಷಪುರದವನು, ಎಂದರೆ ಇಂದಿನ ಪೇಶಾವರದವನು. 'ಅಭಿಧರ್ಮಕೋಶ'ದ ಕಾರಿಕೆಗಳಲ್ಲಿ ವೈಭಾಷಿಕ ಮತವನ್ನು ಅಚ್ಚುಕಟ್ಟಾಗಿ ನಿರೂಪಿಸಿದ. ಅದಕ್ಕೆ ತಾನೇ ಭಾಷ್ಯ ಬರೆಯುವಾಗ ಸೌತ್ರಾಂತಿಕರ ಪರ ವಹಿಸಿ ಅದೇ ಮತವನ್ನು ಖಂಡಿಸಿದ. ಆಗಿಹೋದದ್ದು, ಆಗಲಿರುವುದು ಎರಡೂ ಇದ್ದೇ ಇವೆ, ಇಲ್ಲವಾದರೆ ಹಳೆಯ ಕರ್ಮ ಇಂದು ಫಲ ಕೊಡುವುದಾದರೂ ಹೇಗೆ ಎಂಬುದು ವೈಭಾಷಿಕರ ವಾದ. ಬಿತ್ತಿದ ಬೀಜ ಉಳಿಯಬೇಕಿಲ್ಲ, ಮೊಳಕೆ, ಕಾಂಡ, ಹೂವುಗಳ ಸಂತತಿ ಕಡಿಯದಿದ್ದರೆ ಹಣ್ಣು ಬಂದೇ ಬರುತ್ತದೆ ಎಂಬುದು ಅವನ ಉತ್ತರ.

ಮುಂದೆ ಅಣ್ಣ ಅಸಂಗನ ಪ್ರಭಾವದಿಂದ ಅವನು ಯೋಗಾಚಾರಕ್ಕೆ ಬಂದನೆಂದು ಸಂಪ್ರದಾಯ ಹೇಳುತ್ತದೆ. ಕಾಣುವುದೆಲ್ಲ ವಿಜ್ಞಾನವೇ, ಎಂದರೆ ಅರಿವೇ, ಹೊರಗೆ ವಸ್ತುವಿಲ್ಲ ಎಂಬುದು ಆ ಪಂಥದ ನಿಲುವು. ಹಾಗಾದರೆ ಹಲವರಿಗೆ ಒಂದೇ ನೋಟ ಕಾಣುವುದೇಕೆ? ಒಂದೇ ಬಗೆಯ ಕರ್ಮವುಳ್ಳ ಪ್ರೇತಗಳಿಗೆಲ್ಲ ನದಿ ಕೀವಿನ ಹೊಳೆಯಾಗಿಯೇ ಕಾಣುತ್ತದಲ್ಲ, ಎನ್ನುತ್ತದೆ ಅವನ 'ವಿಂಶತಿಕಾ'. ಒಪ್ಪದಿದ್ದರೂ, ತಳ್ಳಿಹಾಕುವುದು ಸುಲಭವಲ್ಲ.

ನನಗೆ ಎಲ್ಲರಿಗಿಂತ ಹತ್ತಿರದವನು ಮಾಧ್ಯಮಿಕ ಪಂಥದ ನಾಗಾರ್ಜುನ. ಕಾಲದಲ್ಲಿ ಅವನು ವಸುಬಂಧುವಿಗಿಂತ ಹಿಂದಿನವನು. ಯಾವುದಕ್ಕೂ ಸ್ವಂತ ಸ್ವಭಾವವಿಲ್ಲ, ಎಲ್ಲವೂ ಇನ್ನೊಂದನ್ನು ಅವಲಂಬಿಸಿಯೇ ಇದೆ, ಇದೇ ಶೂನ್ಯತೆ ಎಂದ. ಎಲ್ಲ ಶೂನ್ಯವಾದರೆ ಬುದ್ಧನ ಮಾರ್ಗವೂ ಬಿದ್ದುಹೋಗುತ್ತದಲ್ಲವೇ ಎಂದು ಎದುರಾಳಿ ಕೆಣಕಿದಾಗ ವಾದವನ್ನೇ ತಿರುಗಿಸುತ್ತಾನೆ: ದುಃಖಕ್ಕೆ ಸ್ಥಿರ ಸ್ವಭಾವವಿದ್ದಿದ್ದರೆ ಅದು ಎಂದೂ ನೀಗುತ್ತಿರಲಿಲ್ಲ, ಶೂನ್ಯವಾದ್ದರಿಂದಲೇ ಬಿಡುಗಡೆ ಸಾಧ್ಯ. ತರ್ಕದೊಳಗೆ ಇಷ್ಟು ಕರುಣೆ ಇರುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ವಾದಗಳು ಇನ್ನೂ ನಿಂತಿಲ್ಲ. ಬೈಲಕುಪ್ಪೆಯ ಸೆರಾ, ಮುಂಡಗೋಡದ ಡ್ರೆಪುಂಗ್ ಮತ್ತು ಗಾಂಡೆನ್ ಎಂಬ ಟಿಬೆಟನ್ ಮಠಗಳಲ್ಲಿ 'ಅಭಿಧರ್ಮಕೋಶ'ವೂ ನಾಗಾರ್ಜುನನ ಪರಂಪರೆಯ ಚಂದ್ರಕೀರ್ತಿಯ 'ಮಧ್ಯಮಕಾವತಾರ'ವೂ ಇಂದಿಗೂ ಪಠ್ಯಗಳು. ಅಂಗಳದಲ್ಲಿ ಪ್ರಶ್ನೆ ಕೇಳುವವನು ನಿಂತಿರುತ್ತಾನೆ. ಕಾಲು ಅಪ್ಪಳಿಸಿ, ಚಪ್ಪಾಳೆ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಕುಳಿತವನು ತನ್ನ ನಿಲುವನ್ನು ಉಳಿಸಿಕೊಳ್ಳಬೇಕು. ಇಂಥ ಅಭ್ಯಾಸ ವರ್ಷಾನುಗಟ್ಟಲೆ ನಡೆದ ಮೇಲೆಯೇ ಗೆಶೆ ಎಂಬ ವಿದ್ವತ್ ಪದವಿ. 2016ರ ಡಿಸೆಂಬರಿನಲ್ಲಿ ಮುಂಡಗೋಡದಲ್ಲಿ 20 ಸನ್ಯಾಸಿನಿಯರು ದಲೈ ಲಾಮಾ ಅವರಿಂದ ಗೆಶೆಮಾ, ಎಂದರೆ ಮಹಿಳಾ ಗೆಶೆ, ಪದವಿ ಸ್ವೀಕರಿಸಿದರು. ಟಿಬೆಟನ್ ಪರಂಪರೆಯಲ್ಲಿ ಈ ಪದವಿಯ ಪರೀಕ್ಷೆಗಳನ್ನು ಮುಗಿಸಿದ ಮೊದಲ ಮಹಿಳಾ ತಂಡ ಅದು.