ಚರ್ಮಕ್ಕಷ್ಟೇ ಕೇಳಲಿ ಈ ಸದ್ದು

ಸೈಲೆಂಟ್ ಮೋಡ್‌ನಲ್ಲಿರುವ ಫೋನು ಮರದ ಮೇಜಿನ ಮೇಲಿದ್ದಾಗ ಕರೆ ಬಂದರೆ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ. ಅದೇ ಫೋನು ಜೇಬಿನಲ್ಲಿದ್ದರೆ ಪಕ್ಕದವರಿಗೂ ಗೊತ್ತಾಗುವುದಿಲ್ಲ. ಮೋಟಾರಿನ ಬಲ ಕುಗ್ಗಿಸಿದರೆ ಸದ್ದೇನೋ ಇಳಿಯುತ್ತದೆ, ಆದರೆ ಕರೆ ಬಂದದ್ದು ಫೋನಿನ ಒಡೆಯನಿಗೂ ತಿಳಿಯುವುದಿಲ್ಲ. ಮೈಗೆ ಗಟ್ಟಿಯಾಗಿ ತಾಗಬೇಕು, ಕಿವಿಗೆ ಬೀಳಬಾರದು. ಈ ಎರಡು ಬೇಡಿಕೆಗಳನ್ನು ಒಂದೇ ಯಂತ್ರದಲ್ಲಿ ಕೂಡಿಸಲು ಎಂಜಿನಿಯರುಗಳಿಗೆ ದಶಕಗಳೇ ಹಿಡಿದವು.

ಅವರಿಗೆ ದಾರಿ ತೋರಿದ್ದು ನಮ್ಮ ಚರ್ಮ. 1831ರಲ್ಲಿ ಇಟಲಿಯ ಪಿಸ್ತೋಯಾದಲ್ಲಿ ವೈದ್ಯಕೀಯ ಓದುತ್ತಿದ್ದ ಫಿಲಿಪ್ಪೋ ಪಚೀನಿ, ಶವದ ಕೈಯನ್ನು ಛೇದಿಸುವಾಗ ನರಗಳಿಗೆ ಅಂಟಿಕೊಂಡ ಪುಟ್ಟ ಗಂಟುಗಳನ್ನು ಗಮನಿಸಿದ. ಸುಮಾರು ಒಂದು ಮಿಲಿಮೀಟರ್ ಉದ್ದದ, ಪದರ ಪದರವಾದ ಈ ಗಂಟುಗಳಿಗೆ ಇಂದು ಅವನದೇ ಹೆಸರಿದೆ. ಕಂಪನವನ್ನು ಹಿಡಿಯುವುದೇ ಇವುಗಳ ಕೆಲಸ. ಸೆಕೆಂಡಿಗೆ ಸುಮಾರು 250 ಸಲ, ಅಂದರೆ 250 ಹರ್ಟ್ಸ್‌ನ ಆಸುಪಾಸಿನಲ್ಲಿ ಇವು ಅತ್ಯಂತ ಚುರುಕು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಅಲುಗಾಟವೂ ಬೆರಳ ತುದಿಗೆ ತಿಳಿಯುವುದು ಇವುಗಳಿಂದಲೇ. ಕಿವಿಯ ಸ್ವಭಾವ ಬೇರೆ. ಅದು ಹೆಚ್ಚು ಸೂಕ್ಷ್ಮವಾಗಿರುವುದು 2,000ದಿಂದ 5,000 ಹರ್ಟ್ಸ್‌ವರೆಗೆ. 200ರ ಸುತ್ತಮುತ್ತ ಅದು ಸಾಕಷ್ಟು ಮಂದ.

ಇದರ ಜೊತೆಗೆ ಭೌತವಿಜ್ಞಾನವೂ ನಮ್ಮ ಕಡೆಗಿದೆ. 200 ಹರ್ಟ್ಸ್ ಸದ್ದಿನ ತರಂಗದ ಉದ್ದ ಗಾಳಿಯಲ್ಲಿ ಸುಮಾರು 1.7 ಮೀಟರ್. ಅಂಗೈಯಲ್ಲಿ ಹಿಡಿಸುವ ವಸ್ತು ಅಷ್ಟು ದೊಡ್ಡ ತರಂಗವನ್ನು ಎಬ್ಬಿಸಲು ಗಾಳಿಯನ್ನು ಸರಿಯಾಗಿ ತಳ್ಳಲಾರದು. ಹಾಗಾಗಿ ಪುಟ್ಟ ಸಾಧನವೊಂದು 200 ಹರ್ಟ್ಸ್‌ನಲ್ಲಿ ಶುದ್ಧವಾಗಿ ಅದುರಿದರೆ ಚರ್ಮಕ್ಕೆ ತಿಳಿಯುತ್ತದೆ, ಕಿವಿಗೆ ಹೆಚ್ಚು ಕೇಳುವುದಿಲ್ಲ. ತೊಂದರೆ ಬರುವುದು ಎರಡು ಕಡೆಯಿಂದ. ಮೇಜಿನ ಮೇಲಿಟ್ಟರೆ, ತಂಬೂರಿಯ ತಂತಿಗೆ ಬುರುಡೆ ಒದಗಿದಂತೆ, ಆ ಅಗಲದ ಹಲಗೆ ಕಂಪನವನ್ನು ಗಾಳಿಗೆ ಹಂಚುತ್ತದೆ. ಮೋಟಾರಿನ ಒಳಗಿನ ಉಜ್ಜಾಟ, ಬೇರಿಂಗಿನ ಸಡಿಲ, ಸರಿಯಾಗಿ ಕೂರದ ಬಿಡಿಭಾಗದ ಕಟಕಟ, ಇವೆಲ್ಲ ಹುಟ್ಟಿಸುವ ಎತ್ತರದ ಸ್ವರಗಳು ನೇರವಾಗಿ ಕಿವಿಯ ಚುರುಕು ವಲಯಕ್ಕೇ ಬಂದು ಬೀಳುತ್ತವೆ.

ವಿದ್ಯುತ್ತಿನ ಕಂಪನವನ್ನು ಮೈಗೆ ತಾಗಿಸುವ ಪ್ರಯತ್ನ ಹಳೆಯದು. 1880ರ ದಶಕದಲ್ಲಿ ಲಂಡನ್ನಿನ ವೈದ್ಯ ಜೋಸೆಫ್ ಮಾರ್ಟಿಮರ್ ಗ್ರಾನ್‌ವಿಲ್ ನರ ಮತ್ತು ಸ್ನಾಯುಗಳ ನೋವಿಗೆಂದು ಬ್ಯಾಟರಿಯಿಂದ ನಡೆಯುವ ಸಾಧನವೊಂದನ್ನು ಬಳಸಿದ. 1883ರಲ್ಲಿ ಆ ಚಿಕಿತ್ಸೆಯ ಬಗ್ಗೆ ಪುಸ್ತಕವನ್ನೂ ಬರೆದ. ಆದರೆ ಸದ್ದಿಲ್ಲದಿರುವುದೇ ಮುಖ್ಯ ಬೇಡಿಕೆಯಾದದ್ದು ಪೇಜರುಗಳ ಕಾಲದಲ್ಲಿ. ಸೊಂಟದ ಪೇಜರ್ ಸಭೆಯಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ಕಿರುಚಬಾರದು ಎಂಬ ಕಾರಣಕ್ಕೆ ಅದರೊಳಗೆ ಕಡ್ಡಿಯಂಥ ಮೋಟಾರು ಸೇರಿತು. 1996ರಲ್ಲಿ ಬಂದ, 88 ಗ್ರಾಂ ತೂಕದ ಮೊಟೊರೊಲಾ ಸ್ಟಾರ್‌ಟ್ಯಾಕ್ ಈ ಸೌಕರ್ಯವನ್ನು ಮೊಬೈಲಿಗೆ ತಂದ ಮೊದಲ ಫೋನುಗಳಲ್ಲೊಂದು. ಭಾರತದಲ್ಲಿ ಮೊಬೈಲ್ ಸೇವೆ ಶುರುವಾಗಿ ಆಗಿನ್ನೂ ವರ್ಷವೂ ತುಂಬಿರಲಿಲ್ಲ.

ಆ ಮೋಟಾರಿನ ಉಪಾಯ ಸರಳ. ತಿರುಗುವ ಅಕ್ಷಕ್ಕೆ ಒಂದೇ ಬದಿಗೆ ಭಾರ ಕಟ್ಟಿದರೆ ಇಡೀ ಸಾಧನ ಓಲಾಡುತ್ತದೆ. ಚಿಕ್ಕ ಜಾಗದಲ್ಲಿ ಹೆಚ್ಚು ತೂಕ ಬೇಕೆಂದು ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಸಾಂದ್ರವಾದ ಟಂಗ್‌ಸ್ಟನ್ ಬಳಸಿದರು. ಕ್ರಮೇಣ ಕಡ್ಡಿಯ ಆಕಾರ ಹೋಗಿ ನಾಣ್ಯದ ಆಕಾರ ಬಂತು: ಸುಮಾರು 10 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪ, ನಿಮಿಷಕ್ಕೆ ಹತ್ತು ಹನ್ನೆರಡು ಸಾವಿರ ಸುತ್ತು. ಲೆಕ್ಕ ಹಾಕಿದರೆ ಇದು 170ರಿಂದ 200 ಹರ್ಟ್ಸ್. ಚರ್ಮಕ್ಕೆ ಚೆನ್ನಾಗಿ ಒಪ್ಪುವ ವೇಗ.

ಆದರೆ ಈ ವಿನ್ಯಾಸದಲ್ಲಿ ಬಲವೂ ವೇಗವೂ ಒಂದೇ ಹಗ್ಗಕ್ಕೆ ಬಿಗಿದುಕೊಂಡಿವೆ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು. ಮೆಲ್ಲಗೆ ಅದುರಲಿ ಎಂದು ವೇಗ ಇಳಿಸಿದರೆ ಕಂಪನ ಚರ್ಮದ ಚುರುಕು ವಲಯದಿಂದಲೇ ಜಾರಿಹೋಗುತ್ತದೆ. ನಿಂತ ಭಾರ ಪೂರ್ಣ ವೇಗಕ್ಕೆ ಏರಲು, ಓಡುವ ಭಾರ ನಿಲ್ಲಲು ಸಮಯ ಬೇಕು. ಏರುವಾಗಲೂ ಇಳಿಯುವಾಗಲೂ ಅದು ಎಲ್ಲ ಕೆಳಗಿನ ವೇಗಗಳನ್ನು ಹಾದುಹೋಗಬೇಕು. ಫೋನಿನ ಯಾವ ಭಾಗ ಯಾವ ವೇಗಕ್ಕೆ ಗಲಗಲ ಎನ್ನುವುದೋ ಅದೆಲ್ಲವನ್ನೂ ಎಬ್ಬಿಸಿಯೇ ಸಾಗುತ್ತದೆ. ವಿದ್ಯುತ್ತನ್ನು ಒಳಗೆ ಮುಟ್ಟಿಸುವ ಬ್ರಷ್‌ಗಳು ಉಜ್ಜುವ ಸದ್ದು ಬೇರೆ.

ಪರಿಹಾರ ಸಿಕ್ಕಿದ್ದು ತಿರುಗುವುದನ್ನೇ ಬಿಟ್ಟಾಗ. ಸ್ಪ್ರಿಂಗಿಗೆ ಕಟ್ಟಿದ ಭಾರವನ್ನು ತಂತಿಯ ಸುರುಳಿ ಮತ್ತು ಆಯಸ್ಕಾಂತದ ಸೆಳೆತದಿಂದ ಹಿಂದೆ ಮುಂದೆ ಓಡಾಡಿಸುವುದು ಹೊಸ ಕ್ರಮ. ಬ್ರಷ್ ಇಲ್ಲ, ಸುತ್ತುವ ಅಕ್ಷವಿಲ್ಲ, ಉಜ್ಜಾಟ ತೀರಾ ಕಡಿಮೆ. ಭಾರ ಮತ್ತು ಸ್ಪ್ರಿಂಗಿನ ಜೋಡಿಗೆ ತನ್ನದೇ ಸಹಜ ಲಯವೊಂದಿರುತ್ತದೆ. ಸಾಮಾನ್ಯವಾಗಿ ಅದನ್ನು 150ರಿಂದ 235 ಹರ್ಟ್ಸ್ ನಡುವೆ ಕೂರಿಸುತ್ತಾರೆ. ಆ ಲಯಕ್ಕೆ ಸರಿಯಾಗಿ ವಿದ್ಯುತ್ ಕೊಟ್ಟರೆ ಅಲ್ಪ ಶಕ್ತಿಯಲ್ಲೇ ಜೋರಾಗಿ ಅದುರುತ್ತದೆ. ಲಯ ಬದಲಿಸದೆಯೇ ಬಲವನ್ನು ಹೆಚ್ಚು ಕಡಿಮೆ ಮಾಡಬಹುದು.

ಇದಕ್ಕೂ ಬೆಲೆಯಿದೆ. ವಿದ್ಯುತ್ತಿನ ಲಯ ಕೆಲವೇ ಹರ್ಟ್ಸ್ ಆಚೀಚೆಯಾದರೂ ಬಲ ಕುಸಿಯುತ್ತದೆ. ಶಾಖಕ್ಕೆ, ವಯಸ್ಸಿಗೆ ಸ್ಪ್ರಿಂಗಿನ ಲಯ ಕದಲುತ್ತದೆ. ಅದಕ್ಕೆಂದೇ ಪ್ರತ್ಯೇಕ ಚಿಪ್ ಬೇಕಾಯಿತು. ಓಡಾಡುವ ಭಾರ ಸುರುಳಿಯಲ್ಲಿ ಹುಟ್ಟಿಸುವ ವಿದ್ಯುತ್ತನ್ನು ಅದು ಅಳೆದು, ಭಾರ ಈಗ ಯಾವ ಲಯದಲ್ಲಿದೆ ಎಂದು ತಿಳಿದು, ಆ ಲಯವನ್ನೇ ಹಿಂಬಾಲಿಸುತ್ತದೆ. ಆರಂಭದಲ್ಲಿ ಹೆಚ್ಚಿನ ತಳ್ಳು, ಕೊನೆಯಲ್ಲಿ ವಿರುದ್ಧ ದಿಕ್ಕಿನ ತಡೆ ಕೊಡುತ್ತದೆ. ಉದ್ದನೆಯ ಗುರುಗುಟ್ಟುವಿಕೆಯ ಬದಲು ಚಿಕ್ಕ, ಖಚಿತವಾದ ತಟ್ಟು ಸಾಧ್ಯವಾದದ್ದು ಹೀಗೆ.

ಬದಲಾವಣೆ ಒಂದೇ ನೆಗೆತದಲ್ಲಿ ಆಗಲಿಲ್ಲ. 2011ರ ಐಫೋನ್ 4ಎಸ್‌ನಲ್ಲಿ ಓಡಾಡುವ ಭಾರವಿತ್ತು. ಮರುವರ್ಷದ ಐಫೋನ್ 5ರಲ್ಲಿ ಮತ್ತೆ ತಿರುಗುವ ಭಾರ ಬಂತು. 2015ರ ಆಪಲ್ ವಾಚ್ ಹೊತ್ತಿಗೆ ಹೊಸ ಕ್ರಮ ನೆಲೆಯೂರಿತು. ಮಣಿಕಟ್ಟಿನ ಮೇಲೆ ಯಾರೋ ಬೆರಳಿಂದ ಮೆಲ್ಲಗೆ ತಟ್ಟಿದಂತೆ ಅನ್ನಿಸುವ ಆ ಗಡಿಯಾರ, ಎಡಕ್ಕೆ ಮತ್ತು ಬಲಕ್ಕೆ ತಿರುಗಲು ಬೇರೆ ಬೇರೆ ತಟ್ಟುಗಳಲ್ಲಿ ದಾರಿ ಹೇಳುತ್ತದೆ. 2016ರ ಐಫೋನ್ 7ರ ಹೋಮ್ ಬಟನ್ ಒಳಕ್ಕೆ ಇಳಿಯುವುದೇ ಇಲ್ಲ; ಒತ್ತಿದ ಅನುಭವವನ್ನು ಕಂಪನವೇ ಕೊಡುತ್ತದೆ. 2017ರ ನಿಂಟೆಂಡೊ ಸ್ವಿಚ್ ಇದೇ ತತ್ವವನ್ನು ತನ್ನ ಆಟದ ಕಂಟ್ರೋಲರ್‌ಗೆ ತಂದಿತು.

ಸ್ನಾಯುಗಳನ್ನು ತಟ್ಟುವ ಮಸಾಜ್ ಯಂತ್ರಗಳಿಗೆ ಈ ಉಪಾಯ ಸಾಲದು. ಅಲ್ಲಿ ತಲೆ ಮಿಲಿಮೀಟರುಗಟ್ಟಲೆ ಚಲಿಸಬೇಕು, ಮೈ ಒತ್ತಿ ಹಿಡಿದರೂ ನಿಲ್ಲಬಾರದು. 2016ರಲ್ಲಿ ಮಾರುಕಟ್ಟೆಗೆ ಬಂದ ಥೆರಾಗನ್‌ಗೆ ಡ್ರಿಲ್ ಯಂತ್ರದಂಥ ಗದ್ದಲವೇ ದೊಡ್ಡ ದೂರಾಗಿತ್ತು; 2020ರ ನಾಲ್ಕನೇ ತಲೆಮಾರಿನಲ್ಲಿ ಕಂಪನಿ ಮುಖ್ಯವಾಗಿ ಸಾರಿಕೊಂಡದ್ದು ಸದ್ದು ತಗ್ಗಿಸಿದ ಬ್ರಷ್‌ರಹಿತ ಮೋಟಾರನ್ನು. ಆಪ್ತ ಬಳಕೆಯ ಕಂಪನ ಸಾಧನಗಳಿಗೂ ಬ್ರಷ್ ಇಲ್ಲದ ಮೋಟಾರು, ಅದುರನ್ನು ಹೀರುವ ರಬ್ಬರಿನ ಆಸರೆ, ಸಿಲಿಕೋನ್ ಹೊದಿಕೆ, ಒಳಗೆ ಏನೂ ಅಲುಗದಂಥ ಬಿಗಿ ಜೋಡಣೆ, ಇವೇ ದಾರಿಗಳು.

ಈ ಸದ್ದಡಗಿಸುವ ವಿದ್ಯೆಯನ್ನು ಐಷಾರಾಮ ಎಂದು ತಳ್ಳಿಹಾಕುವಂತಿಲ್ಲ. ತೆಳು ಗೋಡೆಯ ಬಾಡಿಗೆ ಮನೆ, ನಾಲ್ಕು ಮಂಚದ ಹಾಸ್ಟೆಲ್ ಕೋಣೆ, ಮೂರು ತಲೆಮಾರು ಒಟ್ಟಿಗಿರುವ ಸಂಸಾರ, ಇವುಗಳಲ್ಲಿ ಬದುಕುವವರಿಗೆ ತನ್ನ ಮೈಗೆ ಸಂಬಂಧಿಸಿದ್ದು ತನಗೆ ಮಾತ್ರ ಗೊತ್ತಿರಲಿ ಎಂಬುದು ನ್ಯಾಯವಾದ ಬಯಕೆ. ಕಿವಿ ಕೇಳದವರಿಗೆ ದಿಂಬಿನಡಿಯ ಕಂಪಿಸುವ ಅಲಾರಂ ದಿನದ ಅಗತ್ಯ; ಅದು ತಮ್ಮನ್ನು ಎಬ್ಬಿಸಬೇಕೇ ಹೊರತು ತಮಗೆ ಅರಿವೇ ಆಗದ ಗದ್ದಲದಿಂದ ಮನೆಯವರ ನಿದ್ದೆ ಕೆಡಿಸಬಾರದು. ಇವತ್ತಿಗೂ ಅಗ್ಗದ ಫೋನುಗಳಲ್ಲಿ ತಿರುಗುವ ನಾಣ್ಯದ ಮೋಟಾರೇ ಇದೆ. ಒಳ್ಳೆಯ ಕಂಪನ ದುಬಾರಿ ಸಾಧನಗಳ ಪಾಲಾಗಿದೆ. ತತ್ವ ಗೊತ್ತಿದೆ, ಚಿಪ್ ಇದೆ, ತಯಾರಿಕೆಯ ಅನುಭವವೂ ಇದೆ. ಹೆಚ್ಚು ಜನರ ನಡುವೆ, ಕಡಿಮೆ ಜಾಗದಲ್ಲಿ ಬದುಕುವವರ ಕೈಗೆಟಕುವ ಬೆಲೆಗೆ ಇದನ್ನು ಇಳಿಸುವುದು ಈ ಕ್ಷೇತ್ರದ ಎಂಜಿನಿಯರುಗಳ ಮುಂದಿನ ಹೊಣೆ.