ನಿದ್ದೆ ಬಿಟ್ಟುಕೊಟ್ಟ ಗುಟ್ಟು

ಗಾಢ ನಿದ್ದೆಯಲ್ಲಿರುವ ಬೆಕ್ಕು ಎದ್ದು ನಿಲ್ಲುತ್ತದೆ, ಹೊಂಚು ಹಾಕುತ್ತದೆ, ಅಲ್ಲಿ ಇಲ್ಲದ ಬೇಟೆಯ ಮೇಲೆ ಎಗರುತ್ತದೆ. ಎಚ್ಚರವೇ ಆಗಿಲ್ಲ! 1965ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ನಿದ್ದೆಯ ಸಂಶೋಧಕ ಮಿಶೆಲ್ ಜುವೆ ಬಣ್ಣಿಸಿದ ವಿಸ್ಮಯ ಇದು. ಕನಸು ಬೀಳುವಾಗ ಮೆದುಳಿನ ಕಾಂಡ ನಮ್ಮ ಕೈಕಾಲುಗಳಿಗೆ ಬೀಗ ಹಾಕುತ್ತದೆ. ಆ ಬೀಗ ಇರುವ ಪುಟ್ಟ ಜಾಗವನ್ನು ಜುವೆ ಕೆಡಿಸಿದ್ದರು, ಅಷ್ಟೇ. ಬೆಕ್ಕಿನ ಕನಸು ಮೈಗಿಳಿದು ಹೊರಗೆ ಬಂತು!

1986ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ವೈದ್ಯರು ಕಾರ್ಲೋಸ್ ಶೆಂಕ್, ಮಾರ್ಕ್ ಮಹೊವಾಲ್ಡ್ ಮನುಷ್ಯರಲ್ಲೂ ಇದನ್ನೇ ಕಂಡರು. ಹಗಲೆಲ್ಲ ಸಾಧುವಾಗಿರುವ ಹಿರಿಯರು ರಾತ್ರಿ ಕನಸಿನ ಶತ್ರುವಿಗೆ ಗುದ್ದುತ್ತಾರೆ, ಒದೆಯುತ್ತಾರೆ, ಏಟು ಬೀಳುವುದು ಪಕ್ಕದಲ್ಲಿ ಮಲಗಿದ ಹೆಂಡತಿಗೆ. ಕೆಟ್ಟ ಕನಸೆಂದು ಕೈಬಿಡದೆ ವೈದ್ಯರು ಇವರನ್ನು ವರ್ಷಗಟ್ಟಲೆ ಗಮನಿಸಿದರು. ಕೊನೆಗೆ ಸಿಕ್ಕ ಲೆಕ್ಕ ನೋಡಿ: 26 ಗಂಡಸರಲ್ಲಿ 21 ಮಂದಿಗೆ ಪಾರ್ಕಿನ್ಸನ್ ಬಗೆಯ ಕಾಯಿಲೆ ಅಥವಾ ಡಿಮೆನ್ಷಿಯಾ! ಅದೂ ಒದೆತ ಶುರುವಾಗಿ ಸರಾಸರಿ 14 ವರ್ಷಗಳ ಮೇಲೆ!

ಈ ಗುಂಪಿನ ಕಾಯಿಲೆಗಳಲ್ಲೊಂದು ಲೂಯಿ ಬಾಡಿ ಡಿಮೆನ್ಷಿಯಾ. ನರಕೋಶದೊಳಗೆ ಆಲ್ಫಾ ಸೈನ್ಯೂಕ್ಲಿನ್ ಎಂಬ ಪ್ರೋಟೀನ್ ಮುದ್ದೆಗಟ್ಟುತ್ತದೆ. ಅನೇಕರಲ್ಲಿ ಅದು ಬುದ್ಧಿಯನ್ನು ಮುಟ್ಟುವ ಮೊದಲೇ ನಿದ್ದೆಯ ಆ ಬೀಗವನ್ನು ಮುರಿದಿರುತ್ತದೆ!

ಆಮೇಲೆ ಬರುವುದೂ ಬೆರಗೇ. ನೆನಪು ಮೊದಮೊದಲು ಚೆನ್ನಾಗಿಯೇ ಇರಬಹುದು. ಆದರೆ ಮಂಚದ ಬಳಿ ಮಗು ನಿಂತಿದೆ, ಅಂಗಳಕ್ಕೆ ನಾಯಿ ಬಂದಿದೆ ಎಂದು ರೋಗಿಗಳು ಹೇಳುತ್ತಾರೆ. ಬೆಳಿಗ್ಗೆ ಮಂಕಾಗಿದ್ದವರು ಸಂಜೆ ಚುರುಕಾಗಿ ಮಾತಾಡುತ್ತಾರೆ. ನಡಿಗೆ ನಿಧಾನ, ಮೈ ಬಿಗಿ. ಇದು ಗಾಳಿ ಸೋಕಿದ್ದಲ್ಲ, ನಾಟಕವಂತೂ ಅಲ್ಲವೇ ಅಲ್ಲ. ಕಂಡದ್ದು ಸುಳ್ಳೆಂದು ವಾದಕ್ಕಿಳಿಯಬೇಡಿ, ಕೋಣೆಯ ಬೆಳಕು ಹೆಚ್ಚಿಸಿ. ಕಾಯಿಲೆ ವಾಸಿಯಾಗದಿದ್ದರೂ ರಿವಾಸ್ಟಿಗ್ಮಿನ್ ಎಂಬ ಔಷಧಿ ಹಲವರ ಮಂಕನ್ನೂ ಇಂಥ ದೃಶ್ಯಗಳನ್ನೂ ಕಡಿಮೆ ಮಾಡುತ್ತದೆ.

ನಿದ್ದೆಯಲ್ಲಿ ಒದೆಯುವವರೆಲ್ಲ ರೋಗಿಗಳಲ್ಲ, ಕೆಲವು ಖಿನ್ನತೆಯ ಮಾತ್ರೆಗಳಿಂದಲೂ ಹೀಗಾಗುತ್ತದೆ. ಆದರೂ ಪಕ್ಕದಲ್ಲಿ ಮಲಗುವವರಷ್ಟು ಒಳ್ಳೆಯ ಸಾಕ್ಷಿ ಯಾವ ಸ್ಕ್ಯಾನಿಗೂ ಸಿಗದು ಎಂದೇ ನನ್ನ ನಂಬಿಕೆ. ನರರೋಗ ತಜ್ಞರು ಕೇಳದಿದ್ದರೂ ರಾತ್ರಿಯ ಒದೆತದ ಬಗ್ಗೆ ನೀವೇ ಹೇಳಿ. ಇನ್ನೊಂದು ಮಾತನ್ನು ಚೀಟಿಯಲ್ಲಿ ಬರೆದು ರೋಗಿಯ ಫೈಲಿಗೇ ಅಂಟಿಸಿ: ಲೂಯಿ ಬಾಡಿ ಇದೆ, ಹ್ಯಾಲೊಪೆರಿಡಾಲ್ ಕೊಡಬೇಡಿ. ಗಲಾಟೆ ತಣಿಸಲೆಂದು ಕೊಡುವ ಆ ಔಷಧಿ ಇವರ ಮೈಯನ್ನು ಮರಗಟ್ಟಿಸಿ ಜೀವಕ್ಕೇ ಎರವಾಗಬಹುದು.