ಶುಗರ್ ಮಾತ್ರೆ ತಗೊಂಡ್ರೆ ರಕ್ತ ‘ಆಸಿಡ್’ ಆಗುತ್ತಾ? ಲ್ಯಾಕ್ಟೇಟ್ ಹೇಳುವ ಕಥೆಯೇ ಬೇರೆ

‘ಶುಗರ್ ಮಾತ್ರೆಯಿಂದ ರಕ್ತ ಆಸಿಡ್ ಆಗುತ್ತೆ’ ಅನ್ನೋ ವಾಟ್ಸಾಪ್ ಸಂದೇಶ ನಿಮಗೂ ಬಂದಿರಬಹುದು. ಅದನ್ನು ನಂಬಿ ಮೆಟ್‌ಫಾರ್ಮಿನ್ ನಿಲ್ಲಿಸಿದವರನ್ನು ನಾನು ಬಲ್ಲೆ. ಈ ಮಾತಿನಲ್ಲಿ ಎಳೆಯಷ್ಟು ನಿಜವಿದೆ. ಆ ಎಳೆ ಹಿಡಿದು ಹೋದರೆ ಸರ್ಕಾರವನ್ನು ನಾವು ಏನು ಕೇಳಬೇಕು ಅನ್ನೋದೂ ಗೊತ್ತಾಗುತ್ತೆ.

ಜೀವಕೋಶಗಳು ಗ್ಲೂಕೋಸನ್ನು ಒಡೆಯುವಾಗ ಲ್ಯಾಕ್ಟೇಟ್ ಹುಟ್ಟುತ್ತದೆ. ಓಡಿದಾಗ ಮಾತ್ರವಲ್ಲ, ಸುಮ್ಮನೆ ಕೂತಾಗಲೂ. ಇದು ಕಸವೇನಲ್ಲ. ಹೃದಯ ಇದನ್ನು ಇಂಧನವಾಗಿ ಉರಿಸುತ್ತದೆ, ಯಕೃತ್ತು ಮತ್ತೆ ಗ್ಲೂಕೋಸ್ ಮಾಡಿಕೊಳ್ಳುತ್ತದೆ.

ಆರೋಗ್ಯವಂತರ ರಕ್ತದಲ್ಲಿ ಲ್ಯಾಕ್ಟೇಟ್ ಸಾಮಾನ್ಯವಾಗಿ ಲೀಟರಿಗೆ 2 ಮಿಲಿಮೋಲ್‌ಗಿಂತ ಕಡಿಮೆ ಇರುತ್ತದೆ. ಬೊಜ್ಜು ಮತ್ತು ಟೈಪ್ 2 ಮಧುಮೇಹ ಇರುವವರಲ್ಲಿ, ಖಾಲಿ ಹೊಟ್ಟೆಯಲ್ಲಿ ನೋಡಿದರೂ, ಸರಾಸರಿ ಸ್ವಲ್ಪ ಹೆಚ್ಚು. ಯಾಕೆ? ಉಬ್ಬಿದ ಕೊಬ್ಬಿನ ಕೋಶಗಳು ತಮಗೆ ಸಿಕ್ಕ ಗ್ಲೂಕೋಸಿನ ದೊಡ್ಡ ಪಾಲನ್ನು ಲ್ಯಾಕ್ಟೇಟ್ ಮಾಡಿಬಿಡುತ್ತವೆ. ಇನ್ಸುಲಿನ್ ಮಾತು ಕೇಳದ ಸ್ನಾಯುಗಳು ಸಕ್ಕರೆಯನ್ನು ಪೂರ್ತಿ ಉರಿಸುವುದಿಲ್ಲ. ಲ್ಯಾಕ್ಟೇಟ್ ಹೆಚ್ಚಿದ್ದವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಹೆಚ್ಚು ಎಂದು ಅಮೆರಿಕದ ಅಧ್ಯಯನ ತೋರಿಸಿದೆ. ‘ತಿಂದು ತಿಂದು ದಪ್ಪ ಆದ, ಶುಗರ್ ತರಿಸಿಕೊಂಡ’ ಎಂದು ಹಂಗಿಸುವವರು ಇದನ್ನು ಗಮನಿಸಲಿ. ಇಲ್ಲಿ ಕೆಟ್ಟಿರುವುದು ದೇಹದೊಳಗಿನ ಶಕ್ತಿಯ ಲೆಕ್ಕಾಚಾರ.

ಈ ಸಣ್ಣ ಏರಿಕೆ ಬೇರೆ, ‘ಲ್ಯಾಕ್ಟಿಕ್ ಆಸಿಡೋಸಿಸ್’ ಬೇರೆ. ಲ್ಯಾಕ್ಟೇಟ್ 5 ದಾಟಿ, ರಕ್ತದ ಆಮ್ಲೀಯತೆಯೂ ಏರಿದರೆ ಅದು ಜೀವಕ್ಕೇ ಕುತ್ತು. ಮೆಟ್‌ಫಾರ್ಮಿನ್‌ನ ದಾಯಾದಿ ಫೆನ್‌ಫಾರ್ಮಿನ್‌ನಿಂದ ಹೀಗಾಗುತ್ತಿದ್ದುದಕ್ಕೇ 1970ರ ದಶಕದ ಕೊನೆಗೆ ಅಮೆರಿಕ ಅದನ್ನು ಮಾರುಕಟ್ಟೆಯಿಂದ ತೆಗೆಯಿತು. ಆ ಭಯ ಮೆಟ್‌ಫಾರ್ಮಿನ್‌ಗೂ ಅಂಟಿಕೊಂಡಿದೆ. ಆದರೆ ಇದರಲ್ಲಿ ಅಂಥ ಪ್ರಕರಣ ವರ್ಷಕ್ಕೆ ಲಕ್ಷ ಜನರಲ್ಲಿ ಹತ್ತನ್ನೂ ಮುಟ್ಟುವುದಿಲ್ಲ.

ಎಳೆಯಷ್ಟು ನಿಜ ಇರೋದು ಕಿಡ್ನಿಯಲ್ಲಿ. ಲ್ಯಾಕ್ಟೇಟನ್ನು ಗ್ಲೂಕೋಸ್ ಮಾಡುವ ಯಕೃತ್ತಿನ ಕೆಲಸಕ್ಕೆ ಮೆಟ್‌ಫಾರ್ಮಿನ್ ಸ್ವಲ್ಪ ತಡೆ ಹಾಕುತ್ತದೆ. ಆಮೇಲೆ ಮೂತ್ರದಲ್ಲಿ ಹೊರಹೋಗುತ್ತದೆ. ಕಿಡ್ನಿ ಕೈಕೊಟ್ಟರೆ ಮಾತ್ರೆಯೂ ಲ್ಯಾಕ್ಟೇಟೂ ಒಳಗೇ ಉಳಿಯುತ್ತವೆ. ಅದಕ್ಕೇ ಕಿಡ್ನಿಯ ಸೋಸುವ ಪ್ರಮಾಣ, ಅಂದರೆ ಇಜಿಎಫ್‌ಆರ್, 30ಕ್ಕಿಂತ ಕೆಳಗಿದ್ದರೆ ಈ ಮಾತ್ರೆ ಕೊಡಬಾರದು. ವಿಪರೀತ ವಾಂತಿ-ಭೇದಿ ಆದಾಗಲೂ ಡಾಕ್ಟರನ್ನು ಕೇಳಬೇಕು.

ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಮೆಟ್‌ಫಾರ್ಮಿನ್ ಉಚಿತ. ಒಳ್ಳೆಯದೇ. ಆದರೆ ತಿಂಗಳಿಗೊಂದಿಷ್ಟು ಮಾತ್ರೆ ಕೈಗಿಟ್ಟರೆ ಚಿಕಿತ್ಸೆ ಮುಗಿಯಿತಾ? ಮಾತ್ರೆ ನುಂಗುವ ಕೂಲಿಕಾರ್ಮಿಕನ ಕಿಡ್ನಿ ಹೇಗಿದೆ ಅಂತ ವರ್ಷಕ್ಕೊಮ್ಮೆಯಾದರೂ ನೋಡುವವರು ಯಾರು? ಕ್ರಿಯಾಟಿನಿನ್ ಪರೀಕ್ಷೆ ಸರಳವಾದದ್ದು, ದುಬಾರಿಯೂ ಅಲ್ಲ.

ಮನೆಯಲ್ಲಿ ಶುಗರ್ ಇರುವವರಿಗೆ ನಾನು ಹೇಳುವುದಿಷ್ಟು: ವಾಟ್ಸಾಪ್ ನೋಡಿ ಮಾತ್ರೆ ಬಿಡಬೇಡಿ. ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ‘ಮಾತ್ರೆ ಜೊತೆ ಕ್ರಿಯಾಟಿನಿನ್ ಟೆಸ್ಟೂ ಮಾಡ್ತೀರಾ?’ ಎಂದು ಕೇಳಿ. ಇಲ್ಲ ಅಂದರೆ, ಅದೇ ಪ್ರಶ್ನೆಯನ್ನು ನಿಮ್ಮ ಶಾಸಕರ ಮುಂದಿಡಿ.